ಟಿಗ್ ಕಲಿಯುತ್ತಾ ಕಟ್ಟಿದ ಎಸ್‌ಎಸ್ ಫಿಲ್ಟರ್ ಸ್ಟ್ಯಾಂಡ್

ಸ್ಟೀಲ್ ವಾಟರ್ ಫಿಲ್ಟರ್ ಇಡುವುದಕ್ಕೆ ಒಂದು ಸ್ಟ್ಯಾಂಡ್ ಬೇಕಿತ್ತು. 300 ಮಿ.ಮೀ. ಚೌಕ, 600 ಮಿ.ಮೀ. ಎತ್ತರ. ನೀರು ತುಂಬಿದ ಫಿಲ್ಟರ್ 25 ಕಿಲೋ ಹತ್ತಿರ ತೂಗುತ್ತದೆ, ಹಾಗಾಗಿ ಸ್ಟ್ಯಾಂಡ್ ಒಂಚೂರೂ ಅಲ್ಲಾಡಬಾರದು. ಕಬ್ಬಿಣದಲ್ಲಿ ಮಾಡಿ ಪೇಂಟ್ ಹೊಡೆಯಬಹುದು, ಆದರೆ ನಲ್ಲಿ ತೊಟ್ಟಿಕ್ಕುವ ಜಾಗದಲ್ಲಿ ಕಾಲಿನ ಬುಡದಿಂದ ತುಕ್ಕು ಏಳದೆ ಇರುವುದಿಲ್ಲ. ಎಸ್‌ಎಸ್, ಅಂದರೆ ಸ್ಟೇನ್‌ಲೆಸ್ ಸ್ಟೀಲ್ ಪೈಪೇ ಸರಿ ಅನ್ನಿಸಿತು. 1.2 ಮಿ.ಮೀ. ದಪ್ಪದ ಎಸ್‌ಎಸ್ ಪೈಪನ್ನು ಮಾಮೂಲಿ ರಾಡ್ ವೆಲ್ಡಿಂಗ್‌ನಲ್ಲಿ ಕೂಡಿಸಲು ಹೋದರೆ ತೂತು ಬೀಳುವುದೇ ಜಾಸ್ತಿ. ಅದಕ್ಕೆ ಟಿಗ್ (ಟಂಗ್‌ಸ್ಟನ್ ಇನರ್ಟ್ ಗ್ಯಾಸ್) ವೆಲ್ಡಿಂಗ್ ಬೇಕು. ವರ್ಕ್‌ಶಾಪುಗಳ ಬೋರ್ಡಿನ ಮೇಲೆ ‘ಇಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಲಾಗುವುದು’ ಅಂತ ಬರೆದಿರುತ್ತಾರಲ್ವಾ, ಅದೇ ಇದು.

ರಾಡ್ ವೆಲ್ಡಿಂಗ್ ಬಲ್ಲವರಿಗೆ ಮೊದಲು ಅರ್ಥವಾಗಬೇಕಾದ ವ್ಯತ್ಯಾಸ ಒಂದೇ. ಅಲ್ಲಿ ಬೆಂಕಿ ಕೊಡುವುದೂ ರಾಡೇ, ಕರಗಿ ತುಂಬಿಕೊಳ್ಳುವುದೂ ರಾಡೇ. ಬೇಡ ಅಂದರೂ ಲೋಹ ಸುರಿಯುತ್ತಲೇ ಇರುತ್ತದೆ. ಟಿಗ್‌ನಲ್ಲಿ ಎರಡೂ ಬೇರೆ ಬೇರೆ. ಒಂದು ಕೈಯಲ್ಲಿ ಟಾರ್ಚ್, ಅದರ ತುದಿಯಲ್ಲಿ ಟಂಗ್‌ಸ್ಟನ್ ಕಡ್ಡಿ, ಕರಗಿದ ಲೋಹಕ್ಕೆ ಗಾಳಿ ತಾಗದ ಹಾಗೆ ಕಡ್ಡಿಯ ಸುತ್ತ ಹರಿಯುವ ಆರ್ಗಾನ್ ಗ್ಯಾಸ್. ಟಂಗ್‌ಸ್ಟನ್ ಕರಗುವುದು 3422 ಡಿಗ್ರಿಯಲ್ಲಿ, ಆದ್ದರಿಂದ ಅದು ಬರೀ ಬಿಸಿ ಕೊಡುತ್ತದೆ, ತಾನು ಕರಗುವುದಿಲ್ಲ. ಇನ್ನೊಂದು ಕೈಯಲ್ಲಿ ಕರಗಿ ಸಂದು ತುಂಬುವ ಫಿಲ್ಲರ್ ರಾಡ್. ಬಿಸಿ ಎಷ್ಟು, ಲೋಹ ಎಷ್ಟು, ಯಾವಾಗ ಅನ್ನುವುದೆಲ್ಲ ನಮ್ಮ ಲೆಕ್ಕ. ಕಾಯಬಹುದು, ನೋಡಬಹುದು, ಆಮೇಲೆ ರಾಡ್ ಕೊಡಬಹುದು. ಈ ಕಾಯುವುದನ್ನು ಕಲಿಯುವುದೇ ಟಿಗ್ ಕಲಿಯುವುದು ಅಂತ ಈಗ ನನಗೆ ಅನ್ನಿಸುತ್ತದೆ. ಈ ವಿಧಾನ ಹುಟ್ಟಿದ್ದು ವಿಮಾನದ ಕೆಲಸಕ್ಕೆ. ಅಮೆರಿಕದ ನಾರ್ತ್‌ರಾಪ್ ಕಂಪನಿಯಲ್ಲಿ ರಸೆಲ್ ಮೆರೆಡಿತ್ ಎಂಬುವರು 1940ರ ಆಸುಪಾಸಿನಲ್ಲಿ ಮೆಗ್ನೀಸಿಯಂ ಬೆಸೆಯುವುದಕ್ಕಾಗಿ ಇದನ್ನು ರೂಪಿಸಿದರು. ಅವರು ಬಳಸಿದ್ದು ಹೀಲಿಯಂ. ಆರ್ಗಾನ್ ಆಮೇಲೆ ಬಂತು.

ಮೆಷಿನ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಿಂಗಲ್ ಫೇಸ್‌ನಲ್ಲಿ ಓಡುವ 200 ಆಂಪ್‌ನ ಡಿಸಿ ಇನ್ವರ್ಟರ್ ವೆಲ್ಡಿಂಗ್ ಮೆಷಿನ್ ತಗೊಂಡೆ. ಅಲ್ಯೂಮಿನಿಯಂ ಮಾಡಬೇಕು ಅಂದರೆ ಎಸಿ ಇರುವ ಮೆಷಿನ್ನೇ ಬೇಕು, ಅದರ ಬೆಲೆ ಎಷ್ಟೋ ಜಾಸ್ತಿ. ಎಸ್‌ಎಸ್, ಕಬ್ಬಿಣ, ತಾಮ್ರಕ್ಕೆ ಡಿಸಿ ಸಾಕು. ತಗೊಳ್ಳುವಾಗ ಮೂರು ವಿಷಯ ಕೇಳಿ: ಟಂಗ್‌ಸ್ಟನ್ ಲೋಹಕ್ಕೆ ಮುಟ್ಟಿಸದೆಯೇ ಆರ್ಕ್ (ಕಡ್ಡಿಯ ತುದಿಯಿಂದ ಲೋಹಕ್ಕೆ ಹಾರುವ ವಿದ್ಯುತ್ ಜ್ವಾಲೆ) ಹೊತ್ತಿಸುವ ಹೈ ಫ್ರೀಕ್ವೆನ್ಸಿ ಸ್ಟಾರ್ಟ್ ಇದೆಯಾ, ಕರೆಂಟ್ ನಿಧಾನವಾಗಿ ಇಳಿಸುವ ಡೌನ್ ಸ್ಲೋಪ್ ಇದೆಯಾ, ಆರ್ಕ್ ನಿಂತ ಮೇಲೂ ಗ್ಯಾಸ್ ಬಿಡುವ ಪೋಸ್ಟ್ ಫ್ಲೋ ಇದೆಯಾ. ಈ ಮೂರೂ ಇದ್ದರೆ ಉಳಿದದ್ದು ಹೇಗೋ ನಡೆಯುತ್ತದೆ. ಟಾರ್ಚ್ ಮೈನಸ್‌ಗೆ, ಅರ್ಥ್ ಕೇಬಲ್ ಪ್ಲಸ್‌ಗೆ. ರಾಡ್ ವೆಲ್ಡಿಂಗ್‌ನಲ್ಲಿ ಸಾಮಾನ್ಯವಾಗಿ ಇದು ಉಲ್ಟಾ. ಹೀಗೆ ಹಾಕಿದಾಗ ಬಿಸಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಬೆಸೆಯುವ ಲೋಹದ ಮೇಲೆ ಬೀಳುತ್ತದೆ, ಟಂಗ್‌ಸ್ಟನ್ ಅತಿಯಾಗಿ ಕಾಯುವುದಿಲ್ಲ. ಉಲ್ಟಾ ಹಾಕಿದರೆ ಟಂಗ್‌ಸ್ಟನ್ ತುದಿ ಗುಂಡಗಾಗಿ ಕೂತುಬಿಡುತ್ತದೆ. ಮನೆ ಕರೆಂಟ್ ತಡೆಯುತ್ತಾ ಅಂತ ಹಲವರು ಕೇಳುತ್ತಾರೆ. 45 ಆಂಪ್‌ನಲ್ಲಿ ಬೆಸೆಯುವಾಗ ಆರ್ಕಿನ ವೋಲ್ಟೇಜ್ 12ರ ಹತ್ತಿರ ಮಾತ್ರ. ಅಂದರೆ ಆರ್ಕಿಗೆ ಹೋಗುವುದು ಸುಮಾರು 550 ವ್ಯಾಟ್. 15 ಆಂಪ್ ಸಾಕೆಟ್ ಧಾರಾಳವಾಗಿ ಸಾಕು.

ಗ್ಯಾಸ್‌ಗೆ 1.5 ಕ್ಯೂಬಿಕ್ ಮೀಟರಿನ ಚಿಕ್ಕ ಸಿಲಿಂಡರ್. ದೊಡ್ಡದು 7 ಕ್ಯೂಬಿಕ್ ಮೀಟರ್, ಅದನ್ನು ಮೆಟ್ಟಿಲು ಹತ್ತಿಸುವುದು ಕಷ್ಟ. ನಿಮಿಷಕ್ಕೆ 7 ಲೀಟರ್ ಬಿಟ್ಟರೆ ಚಿಕ್ಕದು ಮೂರೂವರೆ ಗಂಟೆ ಬರುತ್ತದೆ. ಕಮ್ಮಿ ಅನ್ನಿಸಬಹುದು, ಆದರೆ ಅದು ಬರೀ ಆರ್ಕ್ ಉರಿಯುವ ಹೊತ್ತು. ದಿನವಿಡೀ ಕೆಲಸ ಮಾಡಿದರೂ ಆರ್ಕ್ ಉರಿಯುವುದು ಅರ್ಧ ಗಂಟೆ ಇದ್ದರೆ ಹೆಚ್ಚು. ಉಳಿದದ್ದೆಲ್ಲ ಕತ್ತರಿಸುವುದು, ಅರ ಹಾಕುವುದು, ಒರೆಸುವುದು. ಸಿಲಿಂಡರನ್ನು ಗೋಡೆಗೆ ಚೈನ್ ಹಾಕಿ ಕಟ್ಟಿಡಿ. ಆರ್ಗಾನ್ ಗಾಳಿಗಿಂತ ಭಾರ, ವಾಸನೆ ಇಲ್ಲ. ಬಾಗಿಲು ಮುಚ್ಚಿದ ಚಿಕ್ಕ ಕೋಣೆಯಲ್ಲಿ ಸೋರಿ ತುಂಬಿಕೊಂಡರೆ ಗೊತ್ತೇ ಆಗದೆ ಉಸಿರು ಕಟ್ಟುತ್ತದೆ. ಹಾಗಂತ ಫ್ಯಾನ್ ಹಾಕಿಕೊಂಡು ಕೂತರೆ ಗ್ಯಾಸಿನ ಮುಸುಕು ಹಾರಿಹೋಗುತ್ತದೆ. ನಾನು ಗ್ಯಾರೇಜಿನ ಶಟರ್ ಅರ್ಧ ಎತ್ತಿ, ಗಾಳಿ ನೇರವಾಗಿ ಬಡಿಯದ ಹಾಗೆ ಟೇಬಲ್ಲಿನ ಪಕ್ಕ ಒಂದು ಪ್ಲೈವುಡ್ ನಿಲ್ಲಿಸಿಕೊಂಡೆ.

ಟಂಗ್‌ಸ್ಟನ್‌ಗಳಿಗೆ ಬಣ್ಣದ ಗುರುತು ಇರುತ್ತದೆ. ಕೆಂಪು ತುದಿಯದ್ದು ಥೋರಿಯಂ ಇರುವುದು, ಅಂಗಡಿಯಲ್ಲಿ ಕೇಳಿದರೆ ಸಾಮಾನ್ಯವಾಗಿ ಅದನ್ನೇ ಕೊಡುತ್ತಾರೆ. ಥೋರಿಯಂ ವಿಕಿರಣ ಸೂಸುವ ವಸ್ತು. ಕಡ್ಡಿ ಕೈಯಲ್ಲಿ ಹಿಡಿದರೆ ತೊಂದರೆ ಇಲ್ಲ, ಚೂಪು ಮಾಡುವಾಗ ಏಳುವ ಧೂಳು ಉಸಿರಿಗೆ ಹೋಗಬಾರದು. ಮನೆಯಲ್ಲಿ ಮಕ್ಕಳು ಓಡಾಡುವ ಜಾಗದಲ್ಲಿ ಅದು ಬೇಡವೇ ಬೇಡ. ಲ್ಯಾಂಥನಂ ಇರುವ ಚಿನ್ನದ ಬಣ್ಣದ್ದು ಅಥವಾ ನೀಲಿ ತುದಿಯದ್ದು ತಗೊಳ್ಳಿ, ಕೆಲಸಕ್ಕೆ ಏನೂ ಕಮ್ಮಿಯಿಲ್ಲ. ಕಡ್ಡಿಯನ್ನು ಉದ್ದಕ್ಕೆ ಹಿಡಿದು ಉಜ್ಜಬೇಕು, ಗೀರುಗಳು ತುದಿಯ ಕಡೆಗೇ ಓಡಬೇಕು. ಅಡ್ಡ ಗೀರು ಬಿದ್ದರೆ ಆರ್ಕ್ ತುದಿಯಲ್ಲಿ ಸುತ್ತಾಡುತ್ತದೆ. ಚೂಪಿನ ಉದ್ದ ಕಡ್ಡಿಯ ದಪ್ಪದ ಎರಡರಿಂದ ಎರಡೂವರೆ ಪಟ್ಟು ಇದ್ದರೆ ಸರಿ. ಟಂಗ್‌ಸ್ಟನ್‌ಗೇ ಅಂತ ಒಂದು ಕಲ್ಲು ಬೇರೆ ಇಟ್ಟುಬಿಡಿ, ಅದರಲ್ಲಿ ಕಬ್ಬಿಣ ಮುಟ್ಟಿಸಬೇಡಿ.

ಅಭ್ಯಾಸ ಶುರು ಮಾಡಿದ್ದು 3 ಮಿ.ಮೀ. ಕಬ್ಬಿಣದ ಪಟ್ಟಿಯ ಮೇಲೆ. ಮೇಲಿನ ಕಪ್ಪು ಪದರವನ್ನು ಗ್ರೈಂಡರ್‌ನಲ್ಲಿ ತೆಗೆದು ಬೆಳ್ಳಗೆ ಮಾಡಿ, ಅಸಿಟೋನ್‌ನಲ್ಲಿ ಒರೆಸಿ, 2.4 ಮಿ.ಮೀ. ಟಂಗ್‌ಸ್ಟನ್, 95 ಆಂಪ್. ಬ್ರೇಕ್ ಕ್ಲೀನರ್ ಸ್ಪ್ರೇಯಲ್ಲಿ ಒರೆಸುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ಕ್ಲೋರಿನ್ ಇರುವ ಸ್ಪ್ರೇ ಆರ್ಕಿನ ಬಿಸಿಗೆ ಫಾಸ್ಜೀನ್ ಆಗುತ್ತದೆ, ಅದು ಪ್ರಾಣ ತೆಗೆಯುವ ವಿಷ. ಅಸಿಟೋನ್ ಕೂಡ ಪೂರ್ತಿ ಆರಿದ ಮೇಲೆಯೇ ಆರ್ಕ್.

ಮೊದಲು ಫಿಲ್ಲರ್ ಮುಟ್ಟಲೇ ಇಲ್ಲ. ಬರೀ ಟಾರ್ಚ್ ಹಿಡಿದು ಗೆರೆ ಎಳೆಯುವುದು. ಬೆಂಗಳೂರಿನ ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿದ ಒಬ್ಬರು ನನಗೆ ಪರಿಚಯ. ಒಂದು ಭಾನುವಾರ ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ನೋಡಿ ಕೇಳಿದರು:

“ಸರ್, ನೀವು ಏನು ನೋಡ್ತಾ ಇದ್ದೀರಿ?”

“ಆರ್ಕ್ ನೋಡ್ತಿದೀನಿ ಅಣ್ಣ.”

“ಅದು ಬಿಡಿ. ಅದರ ಕೆಳಗೆ ಕರಗಿದೆಯಲ್ಲ, ಅದನ್ನ ನೋಡಿ. ಅದು ಹೇಳುತ್ತೆ ಯಾವಾಗ ಮುಂದಕ್ಕೆ ಹೋಗಬೇಕು ಅಂತ.”

ಆಮೇಲೆ ಕಣ್ಣು ಬೆಳಕನ್ನು ಬಿಟ್ಟು ಕೆಳಗಿಳಿಯಿತು. ಅಲ್ಲಿ ನಡೆಯುವುದನ್ನು ನಿಧಾನವಾಗಿ ಹೇಳುತ್ತೇನೆ. ಆರ್ಕ್ ಬಿದ್ದ ಕ್ಷಣ ಲೋಹ ಬರೀ ಕೆಂಪಗಾಗುತ್ತದೆ. ಒಂದೆರಡು ಸೆಕೆಂಡ್ ಕಾದರೆ ನಡುವೆ ಒಂದು ಚುಕ್ಕೆ ಒದ್ದೆಯಾದ ಹಾಗೆ ಮಿನುಗುತ್ತದೆ. ಆ ಚುಕ್ಕೆ ಅಗಲವಾಗುತ್ತಾ 4-5 ಮಿ.ಮೀ.ನ ಕೊಳ ಆಗುತ್ತದೆ. ಅದರ ಅಂಚು ಸ್ಪಷ್ಟ, ಒಳಗೆ ಮೇಲ್ಮೈ ಕನ್ನಡಿ, ಟಂಗ್‌ಸ್ಟನ್ ತುದಿಯ ನೆರಳು ಅದರಲ್ಲೇ ಕಾಣುತ್ತದೆ. ಲೋಹ ಸ್ವಚ್ಛವಾಗಿಲ್ಲದಿದ್ದರೆ ಕಂದು ಬಣ್ಣದ ಚೂರುಗಳು ಅದರ ಮೇಲೆ ತೇಲಿ ತಿರುಗುತ್ತವೆ. ಬಿಸಿ ಜಾಸ್ತಿಯಾದರೆ ಕೊಳದ ನಡುಭಾಗ ಒಳಕ್ಕೆ ತಗ್ಗುತ್ತದೆ. ತಗ್ಗಿತು ಅಂದರೆ ಇನ್ನು ಅರೆಕ್ಷಣದಲ್ಲಿ ತೂತು ಅಂತಲೇ ಅರ್ಥ. ಇಷ್ಟೆಲ್ಲ ಕಣ್ಣೆದುರೇ ನಡೆಯುತ್ತದೆ. ರಾಡ್ ವೆಲ್ಡಿಂಗ್‌ನಲ್ಲಿ ಹೊಗೆ, ಕಿಟ್ಟದ ನಡುವೆ ಇದನ್ನು ಇಷ್ಟು ಚೆನ್ನಾಗಿ ನೋಡುವ ಅವಕಾಶವೇ ಸಿಕ್ಕಿರಲಿಲ್ಲ. ನನಗೆ ಟಿಗ್ ಮೇಲೆ ಪ್ರೀತಿ ಹುಟ್ಟಿದ್ದು ಇಲ್ಲೇ.

ಫಿಲ್ಲರ್ ಕೊಡುವುದು ಕೈಬೆರಳಿನ ಕೆಲಸ. ರಾಡನ್ನು ತೋರುಬೆರಳು, ನಡುಬೆರಳಿನ ಮಧ್ಯೆ ಹಿಡಿದು, ಜಪಮಣಿ ಎಣಿಸುವ ಹಾಗೆ ಹೆಬ್ಬೆರಳಿನಿಂದ ಸ್ವಲ್ಪ ಸ್ವಲ್ಪವೇ ಮುಂದಕ್ಕೆ ತಳ್ಳಬೇಕು. ಇದನ್ನು ಕಲಿಯಲು ಮೆಷಿನ್ ಬೇಡ. ಟಿವಿ ನೋಡುತ್ತಾ ಗ್ಲೌಸ್ ಹಾಕಿಕೊಂಡು ಒಂದು ರಾಡ್ ಪೂರ್ತಿ ಬೆರಳಲ್ಲೇ ಓಡಿಸಿ ಅಭ್ಯಾಸ ಮಾಡಿದೆ. ಟಾರ್ಚ್ ಹಿಂದಕ್ಕೆ 15 ಡಿಗ್ರಿಯಷ್ಟು ವಾಲಿರಬೇಕು. ರಾಡ್ ಎದುರಿನಿಂದ ಬಹಳ ತಗ್ಗಾಗಿ ಬರಬೇಕು. ಆರ್ಕಿನ ಉದ್ದ ಟಂಗ್‌ಸ್ಟನ್ ದಪ್ಪಕ್ಕಿಂತ ಜಾಸ್ತಿ ಆಗಬಾರದು. ರಾಡನ್ನು ಮುಟ್ಟಿಸಬೇಕಾದ್ದು ಕೊಳದ ಮುಂದಿನ ಅಂಚಿಗೆ, ಆರ್ಕಿಗಲ್ಲ. ಮುಟ್ಟಿಸಿ ಹಿಂದೆ ತೆಗೆದಾಗಲೂ ಬಿಸಿ ತುದಿ ಗ್ಯಾಸಿನ ಒಳಗೇ ಇರಬೇಕು. ಹೊರಗೆ ಬಂದರೆ ಅದು ಕಪ್ಪಾಗುತ್ತದೆ, ಮುಂದಿನ ಸಲ ಆ ಕಪ್ಪು ಕೊಳಕ್ಕೆ ಇಳಿಯುತ್ತದೆ.

ಹೀಗೆ ಅಭ್ಯಾಸ ಸಾಗಿದ್ದಾಗ ಒಂದು ಸಂಜೆಯಿಂದ ಗೆರೆಗಳೆಲ್ಲ ಬೂದಿ ಬಣ್ಣಕ್ಕೆ ತಿರುಗಿದವು. ನಡುನಡುವೆ ಸೂಜಿಮೊನೆಯಷ್ಟು ತೂತು, ಅಕ್ಕಪಕ್ಕ ಮಸಿ. ಗ್ಯಾಸ್ ತಲುಪುತ್ತಿಲ್ಲ ಅನ್ನುವುದು ನೋಡಿದ ಕೂಡಲೇ ಗೊತ್ತಾಗುತ್ತದೆ, ಆದರೆ ಎಲ್ಲಿ? ರೆಗ್ಯುಲೇಟರ್‌ನಲ್ಲಿ ಗ್ಯಾಸಿನ ಹರಿವು ತೋರಿಸುವ ಗುಂಡು 7 ಲೀಟರಿನಲ್ಲೇ ನಿಂತಿತ್ತು. ಸಿಲಿಂಡರಿನಲ್ಲಿ ಒತ್ತಡ ಇತ್ತು. ಸೋಪಿನ ನೀರು ಮಾಡಿ ಸಿಲಿಂಡರ್ ನಟ್, ಪೈಪಿನ ಎರಡೂ ಕ್ಲಿಪ್, ಮೆಷಿನ್ನಿನ ಹಿಂದಿನ ಜಾಯಿಂಟ್ ಎಲ್ಲದಕ್ಕೂ ಬಳಿದೆ. ಗುಳ್ಳೆ ಬರಲಿಲ್ಲ. ಟಾರ್ಚಿನ ಬಾಯಿಯಲ್ಲಿ ಟಂಗ್‌ಸ್ಟನ್ ಸುತ್ತ ಗ್ಯಾಸ್ ಬಿಡುವ ಸೆರಾಮಿಕ್ ಕಪ್ ಬದಲಾಯಿಸಿದೆ, ಅದೇ ಕಥೆ. ಸುಳಿವು ಕೊಟ್ಟಿದ್ದು ಟಂಗ್‌ಸ್ಟನ್. ಗ್ಯಾಸ್ ಸರಿ ಇದ್ದರೆ ಆರ್ಕ್ ನಿಂತ ಮೇಲೆ ಅದು ಬೆಳ್ಳಿಯ ಹಾಗೆ ಹೊಳೆಯುತ್ತದೆ. ಪೋಸ್ಟ್ ಫ್ಲೋ ಕಮ್ಮಿಯಾದರೆ ತುದಿ ಮಾತ್ರ ನೀಲಿಯಾಗುತ್ತದೆ. ನನ್ನ ಟಂಗ್‌ಸ್ಟನ್ ಸೆರಾಮಿಕ್ ಕಪ್ ಒಳಗಿನ ಭಾಗದಲ್ಲೂ ಕರ್ರಗಾಗಿತ್ತು. ಅಂದರೆ ಗಾಳಿ ಸೇರುತ್ತಿರುವುದು ಟಾರ್ಚಿನ ಒಳಗೇ. ಹಿಂದಿನ ಕ್ಯಾಪ್ ಬಿಚ್ಚಿದೆ. ಅದರ ಬುಡದಲ್ಲಿರುವ ಪುಟ್ಟ ಓ-ರಿಂಗ್ ಬಿಸಿಗೆ ಒಣಗಿ ಸೀಳಿತ್ತು. ಅಲ್ಲಿಂದ ಗಾಳಿ ಎಳೆದುಕೊಳ್ಳುತ್ತಿತ್ತು. ಒಂದು ರಬ್ಬರ್ ರಿಂಗ್ ಹಾಕಿದ್ದೇ ತಡ, ಗೆರೆ ಮತ್ತೆ ಹೊಳೆಯಿತು. ಟಾರ್ಚ್ ಇರುವವರು ಈ ರಿಂಗುಗಳನ್ನು ನಾಲ್ಕೈದು ಡಬ್ಬಿಯಲ್ಲಿ ಇಟ್ಟುಕೊಂಡಿರಿ.

ಪೈಪ್ ತರಲು ಬೆಂಗಳೂರಿನ ಎಸ್‌ಜೆಪಿ ರಸ್ತೆಯ ಅಂಗಡಿಗಳಿಗೆ ಹೋದೆ. 25 × 25 ಚೌಕ ಪೈಪ್, 1.2 ಮಿ.ಮೀ. ದಪ್ಪ, 20 ಅಡಿಯ ಒಂದು ಉದ್ದ. ಮೀಟರಿಗೆ ಸುಮಾರು 900 ಗ್ರಾಂ ತೂಗುತ್ತದೆ. ಎಸ್‌ಎಸ್ ಅಂತ ಕೇಳಿದರೆ 304 ಕೂಡ ಕೊಡುತ್ತಾರೆ, 202 ಕೂಡ ಕೊಡುತ್ತಾರೆ. ಎರಡೂ ನೋಡಲು ಒಂದೇ. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುತ್ತೆ ಅನ್ನುವುದು ಸುಳ್ಳು, ಎರಡಕ್ಕೂ ಅದು ಅಂಟುವುದಿಲ್ಲ. 304ರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕಲ್. 202ರಲ್ಲಿ ನಿಕಲ್ ಕಮ್ಮಿ ಮಾಡಿ ಮ್ಯಾಂಗನೀಸ್ ಹಾಕಿರುತ್ತಾರೆ, ನೀರು ನಿಲ್ಲುವ ಕಡೆ ಬೇಗ ಕಲೆ ಹಿಡಿಯುತ್ತದೆ. ಅಂಗಡಿಯಲ್ಲಿ ಒಂದು ಕೆಮಿಕಲ್ ಇರುತ್ತದೆ, ಒಂದು ತೊಟ್ಟು ಹಾಕಿ ಬ್ಯಾಟರಿ ಮುಟ್ಟಿಸಿದರೆ 202 ಕೆಂಪಾಗುತ್ತದೆ. ಹಾಕಿ ತೋರಿಸಿ ಅಂತ ಕೇಳಿ, ತೋರಿಸುತ್ತಾರೆ. ಫಿಲ್ಲರ್ ರಾಡ್ 308 ಎಲ್, 1.6 ಮಿ.ಮೀ. ಆ ‘ಎಲ್’ ಅಂದರೆ ಕಾರ್ಬನ್ ಕಮ್ಮಿ ಇರುವುದು. ಕಾರ್ಬನ್ ಜಾಸ್ತಿ ಇದ್ದರೆ ಬಿಸಿಯಲ್ಲಿ ಅದು ಕ್ರೋಮಿಯಂ ಅನ್ನು ಹಿಡಿದುಕೊಂಡು, ಬೆಸುಗೆಯ ಪಕ್ಕದಲ್ಲೇ ತುಕ್ಕಿಗೆ ದಾರಿ ಮಾಡುತ್ತದೆ.

ಕಾಲು ನಾಲ್ಕು, 600ರಂತೆ. ಮೇಲಿನ ಚೌಕಕ್ಕೆ 250ರ ನಾಲ್ಕು ತುಂಡು, ಕೆಳಗೆ ನೆಲದಿಂದ 150 ಎತ್ತರದಲ್ಲಿ ಇನ್ನೊಂದು ಚೌಕಕ್ಕೆ ನಾಲ್ಕು, ಫಿಲ್ಟರ್ ಕೂರಲು ಮೇಲೆ ಮೂರು ಅಡ್ಡಪಟ್ಟಿ. ಒಟ್ಟು 5.15 ಮೀಟರ್, ಒಂದೇ ಪೈಪಿನಲ್ಲಿ ಮುಗಿಯುತ್ತದೆ. 4 ಇಂಚಿನ ಗ್ರೈಂಡರಿಗೆ 1 ಮಿ.ಮೀ.ನ ಎಸ್‌ಎಸ್ ಬ್ಲೇಡ್ ಹಾಕಿ ಕತ್ತರಿಸಿದೆ. ಕಬ್ಬಿಣ ಕತ್ತರಿಸಿದ ಬ್ಲೇಡ್, ಕಬ್ಬಿಣ ಉಜ್ಜಿದ ಬ್ರಷ್ ಎಸ್‌ಎಸ್ ಹತ್ತಿರ ಸುಳಿಯಬಾರದು. ಕಬ್ಬಿಣದ ಪುಡಿ ಕೂತ ಕಡೆ ಆಮೇಲೆ ತುಕ್ಕಿನ ಚುಕ್ಕೆ ಬರುತ್ತದೆ, ಜನ ಪೈಪ್ ಖರಾಬು ಅಂತ ಬೈಯುತ್ತಾರೆ.

ಟಿಗ್‌ಗೆ ಸಂದು ಇಷ್ಟವಿಲ್ಲ. ಪ್ರತಿ ತುಂಡಿನ ತುದಿಗೂ ಗುಣಿಯ (ಲಂಬಕೋನ ನೋಡುವ ಪಟ್ಟಿ) ಹಿಡಿದು, ಬೆಳಕಿಗೆ ಎತ್ತಿ ನೋಡಿ, ಬೆಳಕು ತೂರದ ಹಾಗೆ ಅರ ಹಾಕಿದೆ. ಈ ಕೆಲಸಕ್ಕೆ ಬೆಸುಗೆಗಿಂತ ಎಷ್ಟೋ ಹೆಚ್ಚು ಹೊತ್ತು ಹಿಡಿಯಿತು. ಇಲ್ಲಿ ಅವಸರ ಮಾಡಿದರೆ ಆಮೇಲೆ ಯಾವ ಕೈಚಳಕವೂ ಉಳಿಸುವುದಿಲ್ಲ.

ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಎರಡು ಕಾಲುಗಳ ನಡುವೆ ಕೂರುವ ತುಂಡು ಎರಡೂ ಕಡೆ ಮುಚ್ಚಿಹೋಗುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ, ಕೊನೆಯ ಸಂದು ಮುಚ್ಚುವಾಗ ಕರಗಿದ ಲೋಹವನ್ನೇ ಊದಿ ತೂತು ಮಾಡುತ್ತದೆ. ಅದಕ್ಕೆ ಕಾಲಿನ ಮೇಲೆ ಆ ತುಂಡು ಕೂರುವ ಜಾಗದ ನಡುವೆ 3 ಮಿ.ಮೀ. ತೂತು ಕೊರೆದುಕೊಂಡೆ. ಗಾಳಿ ಕಾಲಿನೊಳಕ್ಕೆ ಹೋಗಿ ಬುಡದಿಂದ ಆಚೆ ಹೋಗುತ್ತದೆ. ಹೊರಗೆ ತೂತು ಕಾಣುವುದೂ ಇಲ್ಲ. ಅಡ್ಡಪಟ್ಟಿಗೂ ಹಾಗೇ, ಅದು ಕೂರುವ ಚೌಕದ ತುಂಡಿನಲ್ಲಿ ಕೊರೆದೆ.

1.6 ಮಿ.ಮೀ. ಟಂಗ್‌ಸ್ಟನ್, ಗ್ಯಾಸನ್ನು ಸಮವಾಗಿ ಹರಿಸುವ ಜಾಲರಿ ಇರುವ ಗ್ಯಾಸ್ ಲೆನ್ಸ್, 8ನೇ ನಂಬರ್ ಕಪ್. ಕಪ್ಪಿನ ನಂಬರ್ ಅಂದರೆ ಬಾಯಿ ಎಷ್ಟು ಹದಿನಾರನೇ ಇಂಚು ಅಂತ, 8 ಅಂದರೆ ಅರ್ಧ ಇಂಚು. 45 ಆಂಪ್‌ನಲ್ಲಿ ಮೊದಲು ಎರಡು ಏಣಿ ಆಕಾರದ ಪಕ್ಕಗಳನ್ನು ಟ್ಯಾಕ್ (ಅಲ್ಲಲ್ಲಿ ಚುಕ್ಕೆಯಷ್ಟೇ ಬೆಸುಗೆ) ಹಾಕಿದೆ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಅಳತೆ ಒಂದೇ ಇದೆಯಾ ನೋಡಿ, ಆಮೇಲೆ ನಡುವಿನ ತುಂಡುಗಳನ್ನು ಕೂಡಿಸಿ ಇಡೀ ಸ್ಟ್ಯಾಂಡ್ ಬರೀ ಟ್ಯಾಕ್ ಮೇಲೆ ನಿಲ್ಲಿಸಿದೆ. ಪೂರ್ತಿ ಬೆಸುಗೆ ಆಮೇಲೆ. ಎಸ್‌ಎಸ್ ಬಿಸಿಗೆ ಕಬ್ಬಿಣಕ್ಕಿಂತ ಸುಮಾರು ಒಂದೂವರೆ ಪಟ್ಟು ಹಿಗ್ಗುತ್ತದೆ, ಬಿಸಿಯನ್ನು ದೂರಕ್ಕೆ ಹರಿಯಲೂ ಬಿಡುವುದಿಲ್ಲ. ಒಂದೇ ಕಡೆ ಬೆಸೆಯುತ್ತಾ ಹೋದರೆ ಸ್ಟ್ಯಾಂಡ್ ತಿರುಚಿಕೊಳ್ಳುತ್ತದೆ. ಒಂದು ಮೂಲೆ ಮಾಡಿ, ಎದುರು ಮೂಲೆಗೆ ಹೋಗಿ, ಕೈಯಲ್ಲಿ ಮುಟ್ಟುವಷ್ಟು ಆರಿದ ಮೇಲೆ ಮತ್ತೆ ಇಲ್ಲಿಗೆ.

ಪೈಪಿನ ಅಂಚು ದುಂಡಗಿರುವುದರಿಂದ ಹೊರಮೈಯಲ್ಲಿ ಎರಡು ಪೈಪ್ ಸೇರುವ ಕಡೆ ಒಂದು ಸಣ್ಣ ಕಣಿವೆ ಆಗುತ್ತದೆ. ಅಲ್ಲಿ ಫಿಲ್ಲರ್ ಬೇಕೇ ಬೇಕು. ಒಳಮೂಲೆಯಲ್ಲಿ ಕೊಳ ಎರಡೂ ಗೋಡೆಗೆ ಹತ್ತಿದೆಯಾ ಅಂತ ಕಾಯಬೇಕು. ಮೊದಲು ಎರಡು ಗೋಡೆಯಲ್ಲಿ ಎರಡು ಕೊಳ ಬೇರೆ ಬೇರೆಯಾಗಿ ಮಿನುಗುತ್ತವೆ, ಸ್ವಲ್ಪ ತಾಳಿದರೆ ಬುಡದಲ್ಲಿ ಕೂಡಿ ಒಂದಾಗುತ್ತವೆ. ಕೂಡಿದ ಕೂಡಲೇ ರಾಡ್. ಅದಕ್ಕೆ ಮುಂಚೆ ಕೊಟ್ಟರೆ ರಾಡಿನ ಲೋಹ ಸೇತುವೆ ಕಟ್ಟಿ ಕೂರುತ್ತದೆ, ಕೆಳಗೆ ಏನೂ ಬೆಸೆದಿರುವುದಿಲ್ಲ. ಕಾಲಿನ ಮೇಲ್ತುದಿಗೆ 25 ಮಿ.ಮೀ. ಚೌಕದ ತಗಡು ಇಟ್ಟು ಮುಚ್ಚಿದೆ. ಅದು ಹೊರಮೂಲೆ, ಫಿಲ್ಲರ್ ಇಲ್ಲದೆ ಎರಡು ಅಂಚೂ ಕರಗಿ ಒಂದಾಗುತ್ತವೆ. ನೋಡಲು ಅದೇ ಅತ್ಯಂತ ಚಂದ. ಪ್ರತಿ ಗೆರೆಯ ಕೊನೆಯಲ್ಲೂ ಡೌನ್ ಸ್ಲೋಪ್ 3 ಸೆಕೆಂಡ್, ಗ್ಯಾಸ್ ನಿಲ್ಲುವ ತನಕ ಟಾರ್ಚ್ ಅಲ್ಲಾಡಿಸದೆ ಹಿಡಿಯಬೇಕು. ಥಟ್ಟನೆ ಎತ್ತಿದರೆ ಕೊನೆಯ ಗುಳಿಯಲ್ಲಿ ಸೀಳು ಬಿಡುತ್ತದೆ.

ಬೆಸುಗೆಯ ಬಣ್ಣವೇ ಮಾರ್ಕ್ಸ್ ಕಾರ್ಡ್. ಹುಲ್ಲಿನ ಹಳದಿ, ಚಿನ್ನದ ಬಣ್ಣ ಬಂದರೆ ಬಹಳ ಒಳ್ಳೆಯದು. ನೀಲಿ, ನೇರಳೆ ಬಂದರೆ ಬಿಸಿ ಸ್ವಲ್ಪ ಜಾಸ್ತಿ. ಮಾಸಲು ಬೂದಿ ಬಂದರೆ ಕ್ರೋಮಿಯಂ ಸುಟ್ಟಿದೆ ಅಂತ. ನನ್ನ ಸ್ಟ್ಯಾಂಡಿನಲ್ಲಿ ಮೇಲ್ಚೌಕದ ಹೊರಮೈ ಚಿನ್ನದಿಂದ ನೀಲಿಯ ತನಕ ಬಂದಿದೆ. ಕೆಳಚೌಕದ ಒಳಮೂಲೆಗಳಲ್ಲಿ, ಟಾರ್ಚ್ ನೇರವಾಗಿ ಹೋಗದ ಕಡೆ, ಬೂದಿ ಇದೆ. ಅಲ್ಲಿಗೆ ಗಿಡ್ಡ ಬ್ಯಾಕ್ ಕ್ಯಾಪ್ ಬೇಕು. ತಂದಿಟ್ಟಿದ್ದೇನೆ.

ಈ ಬಣ್ಣ ಹಾಗೇ ಬಿಟ್ಟರೆ ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಫ್ಯಾಕ್ಟರಿಗಳಲ್ಲಿ ಪಿಕ್ಲಿಂಗ್ ಪೇಸ್ಟ್ ಹಚ್ಚುತ್ತಾರೆ, ಅದರಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ. ಚರ್ಮಕ್ಕೆ ತಾಗಿದರೆ ಒಳಗೆ ಇಳಿದು ಮೂಳೆಯ ತನಕ ಹೋಗುವಂಥದ್ದು. ಮನೆಗೆ ತರಬೇಡಿ. ನಾನು ಸ್ಕಾಚ್ ಬ್ರೈಟ್‌ನಲ್ಲಿ ಬಣ್ಣ ಪೂರ್ತಿ ಹೋಗುವ ತನಕ ಉಜ್ಜಿದೆ. ಆಮೇಲೆ ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ, ಬಟ್ಟೆ ನೆನೆಸಿ, ಬೆಸುಗೆಗಳಿಗೆ ಸುತ್ತಿ ಅರ್ಧ ಗಂಟೆ ಬಿಟ್ಟೆ. ಮೇಲೆ ಕೂತ ಕಬ್ಬಿಣದ ಕಣಗಳನ್ನು ಅದು ತೆಗೆಯುತ್ತದೆ, ಕ್ರೋಮಿಯಂ ಪದರ ಮತ್ತೆ ಕಟ್ಟಿಕೊಳ್ಳುತ್ತದೆ. ಚೆನ್ನಾಗಿ ತೊಳೆದು ಒರೆಸಿದೆ.

ರಕ್ಷಣೆಯ ಬಗ್ಗೆ ಎರಡು ಮಾತು. ಟಿಗ್‌ನಲ್ಲಿ ಕಿಡಿ ಹಾರುವುದಿಲ್ಲ ಅಂತ ಅರ್ಧ ತೋಳಿನ ಅಂಗಿಯಲ್ಲಿ ಕೂರುವವರನ್ನು ನೋಡಿದ್ದೇನೆ. ಹೊಗೆ ಕಮ್ಮಿ ಇರುವುದರಿಂದಲೇ ಇದರ ಅಲ್ಟ್ರಾವಯಲೆಟ್ ಹೆಚ್ಚು ತೀಕ್ಷ್ಣವಾಗಿ ಮೈಗೆ ಬಡಿಯುತ್ತದೆ. ಉದ್ದ ತೋಳಿನ ಕಾಟನ್ ಅಂಗಿ, ಕುತ್ತಿಗೆಯ ತನಕ ಗುಂಡಿ ಹಾಕಿ. ಆಟೋ ಹೆಲ್ಮೆಟ್ ತಗೊಂಡರೆ 40 ಆಂಪ್‌ನಂಥ ಚಿಕ್ಕ ಆರ್ಕಿಗೂ ಅದು ಕಪ್ಪಾಗುತ್ತದೆಯಾ ಅಂತ ಮೊದಲೇ ಪರೀಕ್ಷಿಸಿ, ಕೆಲವು ನಡುವೆ ಮಿಟುಕುತ್ತವೆ. ಎಸ್‌ಎಸ್ ಹೊಗೆಯಲ್ಲಿ ಇರುವ ಕ್ರೋಮಿಯಂ ಶ್ವಾಸಕೋಶಕ್ಕೆ ಕೆಟ್ಟದ್ದು, ಮಾಸ್ಕ್ ಹಾಕಿಯೇ ಕೂರಿ.

ಸ್ಟ್ಯಾಂಡನ್ನು ಸಮತಟ್ಟಾದ ಗ್ರಾನೈಟ್ ಮೇಲೆ ಇಟ್ಟು ನೋಡಿದೆ. ಮೂರು ಕಾಲು ಕೂತವು, ನಾಲ್ಕನೆಯದು ಒಂದು ಮಿ.ಮೀ. ಎತ್ತರ. ಕಾಲಿಗೆ ಸ್ಕ್ರೂ ಇರುವ ಬುಷ್ ಹಾಕಿ ಅದನ್ನು ಸರಿ ಮಾಡಿದೆ. ಫಿಲ್ಟರ್ ತುಂಬಿಸಿ ಇಟ್ಟು ನಲ್ಲಿ ಎಳೆದು ತಿರುಗಿಸಿದರೂ ಅಲ್ಲಾಡುವುದಿಲ್ಲ. ಉಳಿದ ಪೈಪಿನ ತುಂಡುಗಳನ್ನು ಎಸೆದಿಲ್ಲ. ಒಂದೊಂದೇ ತುಂಡನ್ನು ಗೋಡೆಗೆ ಒರಗಿಸಿ ಕಟ್ಟಿ, ಕೆಳಗಿನಿಂದ ಮೇಲಕ್ಕೆ ಬೆಸೆಯುವ ಅಭ್ಯಾಸ ಈಗ ನಡೆಯುತ್ತಿದೆ. ನಿಂತ ಪೈಪಿನಲ್ಲಿ ಕೊಳ ಕೆಳಕ್ಕೆ ಜಾರುತ್ತದೆ, ಆಂಪ್ 38ಕ್ಕೆ ಇಳಿಸಿದರೆ ನಿಲ್ಲುತ್ತದೆ.